ಆ ಪಾವಟಿಗಿ ಹತ್ತಿದವರು

ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದಾಗಲೇ ಅಣ್ಣಾಸಾಬ ಮಾಸ್ತರರು ಗಂಟಲು ಸರಿಮಾಡಿಕೊಂಡರು.

"ಬ್ರಾಹ್ಮಿ ಭಾಳ ಒಳ್ಳೆ ಹುಡುಗಿ. ಸಂಸಾರ ಹತ್ತಲಿಲ್ಲ, ಪಾಪ. ಹಂಗಾಗಿ ತಲಿ ಕೆಟ್ಟವರ ಜೋಡಿ ಕುಂತ ಹೊತ್ತ ಕಳದ್ಲು. ಶಾಣ್ಯಾರಿಗೆ ಅದೆಲ್ಲಾ ಬೇಕಾಗೂದಿಲ್ಲ."

ಅಕ್ಕೋಳದ ಆ ಅಂಗಳದಲ್ಲಿ ಸೇರಿದವರು ತಲೆಯಾಡಿಸಿದರು. ಬ್ರಾಹ್ಮಿಯ ಅಣ್ಣ ಧರಣೇಂದ್ರ ದನಿ ತಗ್ಗಿಸಿದ. "ಯಾರರ ಕೇಳಿದ್ರ ಸಾಲ್ಯಾಗ ಕಲಸ್ತಿದ್ಲು ಅನ್ರಿ ಮಾಸ್ತರ. ಮನಿತನದ ಹೆಸರೈತಿ."

ಹಿಂದೆ ಗೋಡೆಗೆ ಆತು ನಿಂತಿದ್ದ ತಸ್ಲೀಮಳ ಮೈ ಉರಿಯಿತು. ರಾತ್ರಿ ಎದೆ ನಿಂತು ಸತ್ತವಳನ್ನು ಹಗಲಿನಲ್ಲಿ ಇನ್ನೊಮ್ಮೆ ಸಾಯಿಸುತ್ತಿದ್ದರು.

* * *

ಗಂಡ ಮೀರಜದಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡು ತಲಾಖ್ ಕೊಟ್ಟ ವರ್ಷ, ತಸ್ಲೀಮ ನಿಪ್ಪಾಣಿಯ ಟಾಯರ್ ಅಂಗಡಿಯ ಮೇಲೆ ಬ್ರಾಹ್ಮಿ ನಡೆಸುತ್ತಿದ್ದ ಆಪ್ತಸಲಹೆಯ ಕೋಣೆಗೆ ಪಾವಟಿಗಿ ಹತ್ತಿ ಹೋಗಿದ್ದಳು. ಬ್ರಾಹ್ಮಿ ನೀರು ಕೊಟ್ಟು ಎದುರಿಗೆ ಕೂತಳು.

"ಹೇಳಬೇಕನಿಸಿದ್ರ ಹೇಳು. ಇಲ್ಲಂದ್ರ ಸುಮ್ನ ಕೂಡು. ನನ್ನನ್ನೂ ಕೊಲ್ಲಾಪುರದಿಂದ ತವರಿಗೆ ತಂದ ಬಿಟ್ಟಿದ್ರು. ಹಿಂಗಿರು, ಹಂಗಿರು ಅಂತ ಎಲ್ಲಾರೂ ಹೇಳಿದ್ರು. ನಿನಗೇನ ಆಗಾಕತ್ತೈತಿ ಅಂತ ಒಬ್ಬರೂ ಕೇಳಲಿಲ್ಲ. ಆಮ್ಯಾಲೆ ಧಾರವಾಡಕ್ಕ ಹೋಗಿ ಕೇಳೂದನ್ನ ಕಲತೆ."

ತಸ್ಲೀಮ ಎಲ್ಲ ಹೇಳಿ ಮುಗಿಸಿದ ಮೇಲೆ ಬ್ರಾಹ್ಮಿ ಕೇಳಿದಳು, "ಹೋದದ್ದರಾಗ ಯಾವುದರ ಸಲುವಾಗಿ ಅಳು ಬರತೈತಿ?"

"ಗಂಡನ ಸಲುವಾಗಿ ಅಲ್ರಿ. ನಾ ಹಚ್ಚಿದ ಕರಿಬೇವಿನ ಗಿಡ ಅಲ್ಲೇ ಉಳೀತು."

ಬ್ರಾಹ್ಮಿ ನಗಲಿಲ್ಲ. "ಹಂಗಾದ್ರ ಇವತ್ತ ಗಿಡದ ಸಲುವಾಗೇ ಅಳು."

ಆ ವರ್ಷವೆಲ್ಲ ತಸ್ಲೀಮ ಹೋಗಿ ಬಂದಳು. ಈಗ ಚಿಕ್ಕೋಡಿಯಲ್ಲಿ ಅವಳದೇ ಮೊಬೈಲ್ ರಿಪೇರಿ ಅಂಗಡಿ. ಆಗ ಬ್ರಾಹ್ಮಿಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡು ಇದೇ ಅಣ್ಣಾಸಾಬ ಮಾಸ್ತರರು ಕೂಡುತ್ತಿದ್ದರು. ಆಗಷ್ಟೇ ನಿವೃತ್ತರಾಗಿದ್ದರು. ಒಮ್ಮೆ ಕಣ್ಣೊರಸಿಕೊಳ್ಳುತ್ತ ಅವಳನ್ನೇ ಕೇಳಿದ್ದರು, "ಮುಂಜಾನೆ ಎದ್ದ ಎಲ್ಲಿಗೆ ಹೋಗ್ಲಿ ತಂಗಿ?"

* * *

"ಸಾಲ್ಯಾಗ ಇರ್ಲಿಲ್ರೀ ಅಕ್ಕಾರು!"

ಎಲ್ಲರೂ ತಿರುಗಿದರು. ತಸ್ಲೀಮ ಮಂದಿಯನ್ನು ಸರಿಸಿ ಮುಂದೆ ಬಂದಳು.

"ತಲಿ ಕೆಟ್ಟವರು ಅಂದ್ರಲ್ರೀ ಮಾಸ್ತರ, ಅವರಾಗ ನಾನೂ ಒಬ್ಬಾಕಿ. ನನ್ನ ತಲಿ ಕೆಟ್ಟಿರಲಿಲ್ಲ, ಬಾಳೇವು ಮುರದಿತ್ತು. ಮುಂದಿನ ಹೆಜ್ಜಿ ಇಡೂತನಕಾ ಅಕ್ಕಾರು ಜೋಡಿ ಕುಂತ್ರು."

ಮಾಸ್ತರರ ಕೈ ಟೊಪ್ಪಿಗೆಗೆ ಹೋಯಿತು. ಮುಖ ಬಿಳುಚಿತ್ತು. ಅವರ ಹೆಸರು ತಸ್ಲೀಮಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

"ಇಲ್ಲಿ ನಿಂತವರಾಗ ಇನ್ನೂ ಯಾರ್ಯಾರು ಆ ಪಾವಟಿಗಿ ಹತ್ತೀರಿ, ನಿಮಗ ಗೊತ್ತೈತಿ. ನಾ ಹೇಳೂದಿಲ್ಲ. ಅಕ್ಕಾರೂ ಯಾರ ಮಾತೂ ಯಾರಿಗೂ ಹೇಳಲಿಲ್ಲ. ಆದ್ರ ಅವರ ಕೆಲಸಕ್ಕ ನಾಚಬ್ಯಾಡ್ರಿ."

"ಎತ್ರೋ, ಹೊತ್ತಾತು," ಎಂದ ಧರಣೇಂದ್ರ.

ಚಟ್ಟ ಹೆಗಲೇರಿತು. ತಸ್ಲೀಮ ಹಿಂದೆ ಹೆಜ್ಜೆ ಹಾಕಿದಳು. "ಹೆಣ್ಮಕ್ಕಳು ಬರೂದಿಲ್ಲ ಬೇ!" ಎಂದು ಯಾರೋ ಕೂಗಿದರು. ಅವಳು ನಿಲ್ಲಲಿಲ್ಲ.

ಊರ ಅಗಸಿ ದಾಟುವಾಗ ಹಿಂದೆ ಬಳೆಯ ಸದ್ದಾಯಿತು. ಧರಣೇಂದ್ರನ ಹೆಂಡತಿ ತೃಪ್ತಿ ಬರುತ್ತಿದ್ದಳು, ಬರಿಗಾಲಲ್ಲಿ, ತಲೆಯ ಸೆರಗು ಜಾರಿದ್ದೂ ತಿಳಿಯದೆ. ಮುಂದಿನಿಂದ ಗಂಡ ಗದರಿದ, "ನೀ ಎಲ್ಲಿಗೆ?"

ತೃಪ್ತಿ ಅವನ ಕಡೆ ನೋಡದೆ ತಸ್ಲೀಮಳ ಕೈ ಹಿಡಿದುಕೊಂಡಳು. ಇಬ್ಬರೂ ಚಟ್ಟದ ಹಿಂದೆ, ಬಿಸಿಲಿಗೆ ಕಾದ ಡಾಂಬರಿನ ಮೇಲೆ ನಡೆದರು.