ಸಮುದ್ರ ಬಲಗಡೆಗೆ

ಚಿನ್‌ಶುಯ್ ಬಹಳ ವರ್ಷ ಲಾರಿ ಓಡಿಸಿದವನು. ಹುವಾಲಿಯೆನ್‌ನಿಂದ ತೈತುಂಗ್‌ವರೆಗಿನ ಕಡಲ ರಸ್ತೆಯಲ್ಲಿ ಸಿಮೆಂಟು ಹೊತ್ತು ಹೋಗುವುದು, ಕಲ್ಲಂಗಡಿ ಹೊತ್ತು ಬರುವುದು. ಆ ರಸ್ತೆಯ ತಿರುವುಗಳೆಲ್ಲ ಅವನಿಗೆ ಬಾಯಿಪಾಠ. ಅವನನ್ನು ಮದುವೆಯಾದಾಗ ಬೀಯುನ್‌ಗೆ ಅರವತ್ತರ ಹತ್ತಿರ. ಇಬ್ಬರಿಗೂ ಅದು ಎರಡನೆಯ ಮದುವೆ. ಇಬ್ಬರೂ ಮೊದಲ ಸಂಗಾತಿಯನ್ನು ಕಳೆದುಕೊಂಡವರು. ಮಾರುಕಟ್ಟೆಯ ಮೂಲೆಯಲ್ಲಿದ್ದ ಅವಳ ಅಂಗಡಿಗೆ ಹಬೆಯಲ್ಲಿ ಬೇಯಿಸಿದ ಬನ್ನು ತಿನ್ನಲು ಬರುತ್ತಿದ್ದವನು ಅವಳನ್ನು ‘ಯಜಮಾನ್ತಿ’ ಎಂದು ಕರೆಯುತ್ತಿದ್ದ. ಮದುವೆಯಾದ ಮೇಲೂ ಬಾಯಿಗೆ ಅದೇ ಬರುತ್ತಿತ್ತು.

ಮದುವೆ ನೋಂದಣಿ ಮುಗಿಸಿ ಮೆಟ್ಟಿಲು ಇಳಿಯುವಾಗಲೇ ಅವನು ಮಾತು ಕೊಟ್ಟಿದ್ದ. “ನಮ್ಮ ಹನಿಮೂನು ಆ ರಸ್ತೇಲಿ, ಯಜಮಾನ್ತಿ. ಲೋಡಿಲ್ಲ, ಗಡಿಬಿಡಿ ಇಲ್ಲ. ನಿಧಾನಕ್ಕೆ ಹೋಗೋಣ.”

ಆದರೆ ಊಟದ ಮೇಜಿನ ಮೇಲೆ ನಕ್ಷೆ ಹರಡಿ ಕೂತಾಗ ಅವನ ನಿಧಾನ ಎಂಥದ್ದೆಂದು ಗೊತ್ತಾಯಿತು.

“ಬೆಳಿಗ್ಗೆ ಬೇಗ ಬಿಟ್ರೆ ಊಟದ ಹೊತ್ತಿಗೆ ತೈತುಂಗ್. ತಿಂದ್ಕೊಂಡು ವಾಪಸ್.”

“ಅದು ಹನಿಮೂನೋ, ಮಾಲು ಇಳಿಸೋಕೆ ಹೋಗೋದೋ?”

ಅವಳು ಬಟ್ಟಲಿನಿಂದ ಶೇಂಗಾ ಬೀಜ ತೆಗೆದು ನಕ್ಷೆಯ ಮೇಲೆ ಇಡುತ್ತ ಹೋದಳು. ಇಲ್ಲಿ ಮೀನಿನ ಬಂದರು, ನಿಲ್ಲಬೇಕು. ಇಲ್ಲಿ ಯಾರೋ ಒಳ್ಳೆ ಅಂಟಕ್ಕಿ ಅನ್ನ ಮಾಡುತ್ತಾರಂತೆ, ನಿಲ್ಲಬೇಕು. ಇಲ್ಲಿ ಸುಮ್ಮನೆ ನಿಲ್ಲಬೇಕು.

“ಹಿಂಗೆ ನಿಂತ್ಕೊಂಡು ಹೋದ್ರೆ ಮುಟ್ಟೋದು ಯಾವಾಗ?”

“ಅಲ್ಲಿ ನಮಗೋಸ್ಕರ ಯಾರು ಕಾಯ್ತಾ ಕೂತಿದಾರೆ, ಮುದುಕಪ್ಪಾ?”

ಅವಳು ಚಹಾಕ್ಕೆಂದು ಒಳಗೆ ಹೋದಾಗಲೆಲ್ಲ ಅವನು ಒಂದೊಂದೇ ಬೀಜ ಬಾಯಿಗೆ ಹಾಕಿಕೊಂಡು ದಾರಿಯನ್ನು ಚಿಕ್ಕದು ಮಾಡುತ್ತಿದ್ದ. ಅವಳು ಬಂದು ಮತ್ತೆ ಇಡುತ್ತಿದ್ದಳು.

ಆ ಚಳಿಗಾಲದಲ್ಲೇ ಅವನು ಚಹಾವನ್ನು ಲೋಟದ ಪಕ್ಕಕ್ಕೆ ಸುರಿಯತೊಡಗಿದ. ಮೊದಲು ಅವಳು ಬೈದಳು, ಆಮೇಲೆ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದಳು. ಎರಡೂ ಕಣ್ಣುಗಳಲ್ಲಿ ನೋಟದ ನಡುಭಾಗ ಹಾಳಾಗುತ್ತಿದೆ, ಅಂಚಿನದಷ್ಟೇ ಕಾಣುತ್ತದೆ, ಇಂಜೆಕ್ಷನ್ನಿನಿಂದ ಇದ್ದಷ್ಟನ್ನು ಉಳಿಸಿಕೊಳ್ಳಬಹುದು, ಗಾಡಿ ಮಾತ್ರ ಇನ್ನು ಓಡಿಸಕೂಡದು ಎಂದರು ಡಾಕ್ಟರು. ಮನೆಗೆ ಬಂದವನು ನಕ್ಷೆ ಮಡಚಿಟ್ಟ. ಕಾರಿನ ಕೀಲಿಯನ್ನು ತೀರಿಹೋದ ಹಿರಿಯರನ್ನು ಪೂಜಿಸುವ ಪೀಠದ ಕೆಳಗಿನ ಖಾನೆಗೆ ಹಾಕಿ ಮುಚ್ಚಿದ.

ದೂರದ ಊರಿನಲ್ಲಿದ್ದ ಬೀಯುನ್‌ಳ ಮಗಳು ಪೇಚಿ ಫೋನಿನಲ್ಲಿ ಸಲಹೆ ಕೊಟ್ಟಳು. “ಟೂರಿನ ಬಸ್ಸಲ್ಲಿ ಹೋಗ್ಬನ್ನಿ ಅಮ್ಮ. ಊಟ, ರೂಮು ಎಲ್ಲ ಅವರೇ ನೋಡ್ಕೋತಾರೆ.”

“ಬಸ್ಸಲ್ಲಿ ಮೈಕ್ ಹಿಡ್ಕೊಂಡು ಹಾಡ್ತಾರೆ,” ಎಂದಷ್ಟೇ ಹೇಳಿದ ಚಿನ್‌ಶುಯ್. ಆ ವಿಷಯ ಅಲ್ಲಿಗೆ ಮುಗಿಯಿತು.

ಬೀಯುನ್ ತರಕಾರಿಗೆ ಹೋಗುತ್ತೇನೆಂದು ಹೇಳಿ ಡ್ರೈವಿಂಗ್ ಶಾಲೆಗೆ ಸೇರಿದಳು. ಜೀವಮಾನವೆಲ್ಲ ಸ್ಕೂಟರ್ ಓಡಿಸಿದವಳಿಗೆ ಕಾರೇನು ಮಹಾ ಎನಿಸಿತ್ತು. ಎಡಗಡೆಯ ಡ್ರೈವರ್ ಸೀಟಿನಲ್ಲಿ ಕೂತ ಮೇಲೆ ಗೊತ್ತಾಯಿತು, ಮೂಗಿನ ಮುಂದೆ ಅಷ್ಟು ದೊಡ್ಡ ತಗಡು, ಹಿಂದೆ ಇನ್ನಷ್ಟು ತಗಡು. “ಬ್ರೇಕ್ ಅಕ್ಕಾ, ಬ್ರೇಕ್! ಅದು ಆಕ್ಸಿಲರೇಟರು!” ಎಂದು ಕಲಿಸುವವನು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡ.

ಗುಟ್ಟು ಹೆಚ್ಚು ದಿನ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಊಟ ಮಾಡುವಾಗ ಮೇಜು ಅಲುಗಿತು. ಸ್ವಲ್ಪ ಹೊತ್ತಿಗೆ ಮತ್ತೆ ಅಲುಗಿತು. ಚಿನ್‌ಶುಯ್ ಊಟದ ಕಡ್ಡಿಗಳನ್ನು ಕೆಳಗಿಟ್ಟ.

“ಯಜಮಾನ್ತಿ, ಯಾವ ಗಾಡಿಗೆ ಬ್ರೇಕ್ ಹಾಕ್ತಿದೀಯ?”

ಅವಳ ಕಾಲು ಮೇಜಿನ ಕೆಳಗೆ ತನ್ನಷ್ಟಕ್ಕೆ ಪಾಠ ಒಪ್ಪಿಸುತ್ತಿತ್ತು. ನಿಜ ಹೇಳಿದಳು. ಅವನು ನಕ್ಕ, ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲ ನಗು. ಆಮೇಲೆ ತಾನೇ ಕಲಿಸುತ್ತೇನೆಂದು ಹಟ ಹಿಡಿದ. ಅಲ್ಲೇ ಎಡವಟ್ಟಾಯಿತು. ಹೊಳೆಯ ದಂಡೆಯ ಖಾಲಿ ರಸ್ತೆಯಲ್ಲಿ ಅವಳು ಆಮೆಯಂತೆ ಹೋಗುತ್ತಿದ್ದರೂ ಪಕ್ಕದಲ್ಲಿ ಕೂತು ಒದರಿದ. “ಎಡಕ್ಕೆ! ಅಷ್ಟಲ್ಲ! ನಿಂಗೆ ಕಣ್ಣಿಲ್ವಾ?”

ಅವಳು ಗಾಡಿ ನಿಲ್ಲಿಸಿದಳು. ಕೀಲಿ ಕಿತ್ತುಕೊಂಡು ಇಳಿದು ಮನೆ ಕಡೆ ನಡೆದಳು. ಸಾಕಷ್ಟು ದೂರ ಬಂದು ತಿರುಗಿ ನೋಡಿದರೆ ಅವನು ಹಿಂದೆ ಬರುತ್ತಿದ್ದ, ರಸ್ತೆಯ ಅಂಚನ್ನು ಪಾದದಿಂದ ತಡವಿ ತಡವಿ, ತಲೆ ವಾರೆ ಮಾಡಿಕೊಂಡು. ಪಕ್ಕದಲ್ಲೇ ನೀರು ನಿಂತ ಗದ್ದೆ. ಅವಳ ಸಿಟ್ಟು ಇಳಿದುಹೋಯಿತು, ಆದರೆ ಮುಖದಲ್ಲಿ ತೋರಿಸಲಿಲ್ಲ. ವಾಪಸ್ಸು ಹೋಗಿ ಅವನ ತೋಳು ಹಿಡಿದುಕೊಂಡಳು.

“ನಾನು ಓಡಿಸ್ವಾಗ ನಿನ್ನ ಬಾಯಿ ತಿನ್ನೋಕಷ್ಟೇ. ಒಪ್ಪಿದ್ಯಾ?”

“ಒಪ್ಪಿದೆ,” ಎಂದ. ನಾಲ್ಕು ಹೆಜ್ಜೆ ನಡೆದು, “ಕಣ್ಣಿನ ಮಾತು ಆಡಬಾರ್ದಾಗಿತ್ತು. ನಂಗೇ ಹೇಳ್ಕೊಂಡೆ ಅನ್ಸತ್ತೆ,” ಎಂದ.

ಮೊದಲ ಪರೀಕ್ಷೆಯಲ್ಲಿ ಹಾವಿನಂಥ ದಾರಿಯಲ್ಲಿ ಹಿಂದಕ್ಕೆ ಬರುವಾಗ ಗೆರೆ ತುಳಿದು ಫೇಲಾದಳು. ಎರಡನೆಯ ಸಲ ಪಾಸಾದಳು. ಅಂದು ಸಂಜೆ ಚಿನ್‌ಶುಯ್ ತಾನಾಗಿಯೇ ನಕ್ಷೆ ಬಿಚ್ಚಿದ. ಕಣ್ಣಿಗೆ ಕಾಣದಿದ್ದರೂ ಬೆರಳು ಹುವಾಲಿಯೆನ್‌ನಿಂದ ಕೆಳಮುಖವಾಗಿ ಕರಾವಳಿ ಹಿಡಿಯಿತು.

ಬೀಯುನ್ ಆ ಬೆರಳನ್ನು ಹಿಡಿದು ನಿಲ್ಲಿಸಿದಳು. “ಹಂಗೆ ಹೋದ್ರೆ ಸಮುದ್ರ ಎಡಗಡೆ, ನಾನು ಓಡಿಸೋ ಕಡೆ ಬರತ್ತೆ. ನಾನು ರಸ್ತೆ ನೋಡ್ಲೋ, ನೀರು ನೋಡ್ಲೋ? ಮೊದ್ಲು ಕಣಿವೆ ರಸ್ತೇಲಿ ತೈತುಂಗ್‌ಗೆ ಇಳಿಯೋಣ. ಬರೋವಾಗ ಕಡಲ ರಸ್ತೆ. ಆಗ ಸಮುದ್ರ ಬಲಗಡೆ, ನಿನ್ನ ಕಿಟಕಿಗೆ. ಓರೆಗಣ್ಣಲ್ಲಿ ಕಾಣತ್ತೆ ಅಂತೀಯಲ್ಲ.”

ಅವನು ಬೆರಳನ್ನು ಅವಳ ಕೈಯಲ್ಲೇ ಬಿಟ್ಟ. ಆಮೇಲೆ, “ಶೇಂಗಾ ಎಲ್ಲಿ?” ಎಂದ.

ವಸಂತದಲ್ಲಿ ಹೊರಟರು. ಕಣಿವೆಯ ರಸ್ತೆ ನೆಟ್ಟಗಿತ್ತು. ಎರಡೂ ಕಡೆ ಹಸಿರು ಗದ್ದೆ. ತೆಳು ಮರದ ಡಬ್ಬಿಯಲ್ಲಿ ಕಟ್ಟಿಕೊಡುವ ಊಟ ಕೊಂಡು ಗದ್ದೆಯ ಬದುವಿನಲ್ಲಿ ಕೂತು ತಿಂದರು. ತೈತುಂಗ್‌ನಲ್ಲಿ ತಂಗಿ ಮರುದಿನ ಕಡಲ ರಸ್ತೆಗೆ ತಿರುಗಿದಾಗ ಬೀಯುನ್ ವೇಗ ಇನ್ನಷ್ಟು ತಗ್ಗಿಸಿದಳು. ಹಿಂದೆ ಲಾರಿಯೊಂದು ಹಾರ್ನು ಹೊಡೆಯತೊಡಗಿತು.

“ಒಂದು ಮಾತು ಆಡ್ಲಾ?” ಚಿನ್‌ಶುಯ್ ಕೇಳಿದ.

“ಆಡು.”

“ಮುಂದೆ ರಸ್ತೆ ಅಗಲ ಆಗತ್ತೆ. ಬಲಕ್ಕೆ, ಅಂಚಿಗೆ ತಗೊಂಡು ಅವನ್ನ ಮುಂದೆ ಬಿಟ್ಬಿಡು. ಪಾಪ, ಅವನಿಗೆ ಲೋಡಿದೆ.”

ಲಾರಿ ಹೋಯಿತು. ಆಮೇಲೆ ರಸ್ತೆಯೆಲ್ಲ ತಮ್ಮದೇ ಎನ್ನುವ ಹಾಗಿತ್ತು. ಬಂದರಿನಲ್ಲಿ ಹಸಿ ಮೀನಿನ ಹೋಳು ತಿಂದರು. ಅಲ್ಲಿಂದಾಚೆ ಒಂದು ತಿರುವಿನಲ್ಲಿ ಅವಳಿಗೆ ಕೆಳಗಿಳಿಯುವ ಮೆಟ್ಟಿಲು ಕಂಡಿತು. ಯಾವ ಊರೂ ಅಲ್ಲದ ಜಾಗ. ನಿಲ್ಲಿಸಿದಳು.

ಕೆಳಗೆ ಮರಳಿರಲಿಲ್ಲ, ಬರೀ ನುಣುಪಾದ ಗುಂಡುಕಲ್ಲು. ಅಲೆ ಹಿಂದಕ್ಕೆ ಸರಿದಾಗಲೆಲ್ಲ ಕಲ್ಲುಗಳು ಒಂದರ ಮೇಲೊಂದು ಉರುಳಿ ಗಲಗಲ ಸದ್ದು ಮಾಡಿದವು. ಚಿನ್‌ಶುಯ್ ನಿಂತುಬಿಟ್ಟ.

“ಇದೇನು ಸದ್ದು?”

“ಕಲ್ಲು. ನೀರಿನ ಜೊತೆ ಉರುಳ್ತಿವೆ.”

“ಈ ತಿರುವಲ್ಲಿ ಎಷ್ಟು ಸಲ ಗೇರ್ ಬದಲಾಯ್ಸಿದೀನೋ ಲೆಕ್ಕವಿಲ್ಲ. ಇಂಜಿನ್ ಬಿಟ್ಟು ಬೇರೇನೂ ಕೇಳಿರ್ಲಿಲ್ಲ ಕಣೇ.”

ಅವನು ಕಲ್ಲಿನ ಮೇಲೆ ಕೂತು, ತಲೆಯನ್ನು ಕೋಳಿಯ ಹಾಗೆ ಓರೆ ಮಾಡಿ ನೀರು ನೋಡಿದ. ನೀಲಿ ಎಂದ. ಆಮೇಲೆ, ಅಲ್ಲಿ ಬಿಳಿ ಎಂದ. ಬೀಯುನ್ ಬೂಟು ಬಿಚ್ಚಿ ಪಾದಗಳನ್ನು ಬಿಸಿಲಿಗೆ ಚಾಚಿದಳು. ಬ್ರೇಕು ತುಳಿದೂ ತುಳಿದೂ ಬಲಗಾಲು ಜೋಮು ಹಿಡಿದಿತ್ತು. ಅವನು ಅದನ್ನು ತೊಡೆಯ ಮೇಲೆ ಎಳೆದುಕೊಂಡು ತಿಕ್ಕತೊಡಗಿದ.

ಫೋನು ಹೊಡೆದುಕೊಂಡಿತು. ಆ ರಾತ್ರಿ ಬಾಡಿಗೆಗೆ ಇಳಿದುಕೊಳ್ಳಬೇಕಿದ್ದ ಮನೆಯ ಒಡತಿ, ಎಲ್ಲಿಗೆ ಬಂದಿರಿ ಎಂದು ಕೇಳಿದಳು.

“ಹತ್ರದಲ್ಲೇ ಇದೀವಮ್ಮ,” ಎಂದು ಹಸಿ ಸುಳ್ಳು ಹೇಳಿದಳು ಬೀಯುನ್. ಫೋನನ್ನು ಬೂಟಿನೊಳಗೆ ತುರುಕಿ, ಇನ್ನೊಂದು ಕಾಲನ್ನೂ ಅವನ ಮಡಿಲಿಗೆ ಹಾಕಿದಳು.