ಕೈ ತೊಳೆಯುವಷ್ಟು ಹೊತ್ತು

"ಆ ಕಿಟಕಿ ಪಕ್ಕದ ಹಾಸಿಗೆಯವರಿಗೆ ಔಷಧಿ ಕೊಟ್ನಾ ನಾನು?"

ಲಾವೆನಿಯಾ ಇದನ್ನು ಯಾರನ್ನೂ ಕೇಳಲಿಲ್ಲ. ಅವಳ ಮುಂದೆ ಇದ್ದದ್ದು ಒಲೆ, ಒಲೆಯ ಮೇಲೆ ಕೆಸವಿನ ಗಡ್ಡೆಯ ಪಾತ್ರೆ. ನೀರೆಲ್ಲ ಇಂಗಿ ತಳ ಸೀಯುತ್ತಿತ್ತು. ಆ ವಾಸನೆ ಪಕ್ಕದ ಮನೆಯ ಸುಮಿಂತ್ರಾಳ ಮೂಗಿಗೆ ಬಡಿಯಿತು. ಒಲೆಯ ಮುಂದೆಯೇ ನಿಂತಿದ್ದವಳಿಗೆ ತಿಳಿಯಲಿಲ್ಲ.

"ಏನೇ ಇದು, ಮನೆ ಸುಡ್ತೀಯಾ?" ಸುಮಿಂತ್ರಾ ಓಡಿ ಬಂದು ಒಲೆ ಆರಿಸಿದಳು. "ಗಂಡನ್ನ ಓಡಿಸ್ಬೇಕಿದ್ರೆ ಬಾಯ್ಬಿಟ್ಟು ಹೇಳು, ನಾನೇ ಪೊರಕೆ ತರ್ತೀನಿ."

ಲಾವೆನಿಯಾ ನಗಲಿಲ್ಲ. "ಅಕ್ಕ, ಔಷಧಿ ಕೊಟ್ನೋ ಇಲ್ವೋ ನೆನಪಾಗ್ತಿಲ್ಲ" ಎಂದಳು. ವಾರ್ಡಿಗೆ ಫೋನು ಮಾಡಿದರು. ಕೊಟ್ಟಿದ್ದಳು. ಕೊಟ್ಟದ್ದು ಮಾತ್ರ ಅವಳ ಮನಸ್ಸಿನಲ್ಲಿ ಉಳಿದಿರಲಿಲ್ಲ.

ಲಾವೆನಿಯಾ ನಮ್ಮ ದ್ವೀಪದ ರಾಜಧಾನಿ ಸುವಾದ ಒಂದು ಆಸ್ಪತ್ರೆಯ ಐಸಿಯು ನರ್ಸ್. ಸುಮಿಂತ್ರಾ ಅದೇ ಕೆಲಸ ಮಾಡಿ ನಿವೃತ್ತಳಾದವಳು. ಲಾವೆನಿಯಾಳ ಜೊತೆಗೆ ಕಲಿತವರು ಒಬ್ಬೊಬ್ಬರಾಗಿ ಆಸ್ಟ್ರೇಲಿಯಾಕ್ಕೆ, ನ್ಯೂಜಿಲೆಂಡಿಗೆ ವಿಮಾನ ಹತ್ತಿದ್ದರು. ಹೋದವರ ಪಾಳಿಗಳೆಲ್ಲ ಉಳಿದವರ ಹೆಗಲಿಗೆ ಬಿದ್ದಿದ್ದವು. ವಾರ್ಡಿನ ಮೇಲ್ವಿಚಾರಕಿ ಉನಾಯ್ಸಿ ಲಾವೆನಿಯಾಳ ಸೋದರತ್ತೆ. ನಮ್ಮ ದ್ವೀಪದಲ್ಲಿ ರಕ್ತಸಂಬಂಧಿ ಎದುರು ನಿಂತು "ಕೆರೆಕೆರೆ", ದಯವಿಟ್ಟು ಕೊಡು, ಎಂದರೆ ಇಲ್ಲ ಎನ್ನುವ ರೂಢಿಯಿಲ್ಲ. ಚಾಪೆ ಕೇಳಿದರೆ ಚಾಪೆ, ಹಂದಿ ಕೇಳಿದರೆ ಹಂದಿ. ಅತ್ತೆ ಕೇಳುತ್ತಿದ್ದದ್ದು ಪಾಳಿ. ಲಾವೆನಿಯಾ ಕೊಡುತ್ತಲೇ ಇದ್ದಳು.

"ಹೀಗೇ ಹೋದ್ರೆ ನಿನ್ನ ಕೈಯಲ್ಲಿ ಒಂದು ಜೀವ ಹೋಗುತ್ತೆ, ಇಲ್ಲ ನೀನೇ ಹೋಗ್ತೀಯ" ಎಂದಳು ಸುಮಿಂತ್ರಾ. "ದಿನಕ್ಕೆ ಒಂದಿಷ್ಟು ಹೊತ್ತು ಸಾವಧಾನವಾಗಿ ನಿಲ್ಲೋದು ಕಲಿ."

"ಅದೇನು, ಮೈಂಡ್‌ಫುಲ್‌ನೆಸ್ಸಾ?" ಲಾವೆನಿಯಾ ಮೂತಿ ತಿರುಗಿಸಿದಳು. "ಆಸ್ಪತ್ರೇಲೂ ಅದರ ತರಗತಿ ಮಾಡಿದ್ರು. ಕಿಟಕಿ ಮುಚ್ಚಿ, ಸ್ಪೀಕರಲ್ಲಿ ಸಮುದ್ರದ ಸದ್ದು ಹಾಕಿದ್ರು. ಕಿಟಕಿ ತೆಗೆದಿದ್ರೆ ಅಸಲಿ ಸಮುದ್ರನೇ ಕೇಳ್ತಿತ್ತು. ನಾನು ಉಸಿರು ಎಳ್ಕೊಂಡ್ರೆ ಇನ್ನೊಬ್ಳು ನರ್ಸ್ ಹುಟ್ಟಿ ಬರ್ತಾಳಾ?"

"ಹುಟ್ಟಲ್ಲ. ಹುಟ್ತಾಳೆ ಅಂತ ಯಾರಾದ್ರೂ ಅಂದ್ರೆ ನನ್ನ ಹತ್ರ ಕಳ್ಸು."

"ಮತ್ತೆ ಯಾಕೆ?"

"ನೀನು ಎಲ್ಲಿದ್ದೀಯ ಅಂತ ನಿನಗಾದ್ರೂ ಗೊತ್ತಿರ್ಲಿ ಅಂತ. ರೋಗಿಯಿಂದ ರೋಗಿಗೆ ಹೋಗೋವಾಗ ಹೇಗೂ ಕೈ ತೊಳೀತೀಯಲ್ಲ? ಆಗ ಕೈ ಮಾತ್ರ ತೊಳಿ. ನೀರು ತಣ್ಣಗಿದೆಯೋ ಬೆಚ್ಚಗಿದೆಯೋ ನೋಡು. ಪಾದ ನೆಲಕ್ಕೆ ತಾಗ್ತಿದೆಯಾ ನೋಡು. ಉಸಿರು ನಿಧಾನ ಬಿಡು. ಆಮೇಲೆ, ಹೇಗಿದ್ದೀಯೇ ಅಂತ ನಿನ್ನನ್ನೇ ಕೇಳ್ಕೋ. ಬಂದ ಉತ್ತರಾನ ತಿದ್ದೋಕೆ ಹೋಗ್ಬೇಡ. ಮನಸ್ಸು ಓಡಿಹೋದ್ರೆ ಬೈಬೇಡ, ಮತ್ತೆ ನೀರಿನ ಹತ್ರ ಕರ್ಕೊಂಡ್ಬಾ."

"ನನಗೆ ಪ್ರಾರ್ಥನೆ ಇದೆ ಅಕ್ಕ."

"ಇರ್ಲಿ, ಬಿಡ್ಬೇಡ. ನನಗೂ ಮಂಗಳವಾರದ ರಾಮಾಯಣ ಪಾರಾಯಣ ಇದೆ. ಅಲ್ಲಿ ನಾವು ಮಾತಾಡ್ತೀವಿ, ಹಾಡ್ತೀವಿ. ಇಲ್ಲಿ ಬಾಯ್ಮುಚ್ಚಿ ಕೇಳೋದು, ಅಷ್ಟೇ."

ಕೆಲವು ದಿನ ಕಳೆದ ಮೇಲೆ ಲಾವೆನಿಯಾ ಸುಮಿಂತ್ರಾಳ ಜಗಲಿಗೆ ಬಂದಳು. ಚರ್ಚಿನ ಬಿಳಿ ಉಡುಪು ಮೈಮೇಲಿತ್ತು. ಚರ್ಚಿಗೆ ಹೋಗದೆ ಅರ್ಧ ದಾರಿಯಿಂದ ತಿರುಗಿ ಬಂದಿದ್ದಳು.

"ನಿಮ್ಮ ಮಾತು ಕೇಳಿ ಕೆಟ್ಟೆ ಅಕ್ಕ. ನೀರಿಗೆ ಕೈ ಒಡ್ಡಿದ್ರೆ ಆ ಹುಡುಗನ ತಾಯಿ ಹಾಡಿದ್ದು ಕೇಳ್ಸುತ್ತೆ."

ನೆರೆ ಇಳಿದ ಮೇಲೆ ಬಂದ ಇಲಿಜ್ವರಕ್ಕೆ ಸತ್ತ ಹುಡುಗ ಅವನು. ಕೆಸವಿನ ತೋಟದ ಕೆಸರಿನಿಂದ ನೇರ ಆಸ್ಪತ್ರೆಗೆ ಬಂದಿದ್ದ. ಉಸಿರು ನಿಲ್ಲುವಾಗ ತಾಯಿ ಕೀರ್ತನೆ ಎತ್ತಿಕೊಂಡಳು. ಬಂಧುಗಳೆಲ್ಲ ಹಾಸಿಗೆಯ ಸುತ್ತ ನಿಂತು ದನಿಗೂಡಿಸಿದರು. ಕಸ ಗುಡಿಸುವವನೂ ಪೊರಕೆ ಗೋಡೆಗೆ ಒರಗಿಸಿ ಹಾಡಿದ.

"ಎಲ್ಲರೂ ಹಾಡ್ತಿದ್ರು. ನಾನು ಮಾತ್ರ ಈ ಹಾಸಿಗೆ ಬೇಗ ಖಾಲಿಯಾದ್ರೆ ಹೊರಗೆ ಕಾಯ್ತಿರೋರನ್ನ ಮಲಗಿಸ್ಬೋದು ಅಂತ ನಿಂತಿದ್ದೆ. ಕಣ್ಣಲ್ಲಿ ಒಂದು ಹನಿ ಬರ್ಲಿಲ್ಲ. ದೇವರು ನನ್ನೊಳಗಿಂದ ಎದ್ದುಹೋಗಿದ್ದಾನೆ ಅಕ್ಕ. ಶಾಂತಿ ಬರುತ್ತೆ ಅಂದ್ರಲ್ಲ, ಎಲ್ಲಿ?"

"ಶಾಂತಿ ಅಂತ ನಾನು ಯಾವಾಗ ಅಂದೆ? ನೋಡು ಅಂದೆ. ಒಳಗೆ ಏನಿದೆಯೋ ಅದೇ ಕಾಣೋದು." ಸುಮಿಂತ್ರಾ ನಿಂಬೆ ಎಲೆಯ ಚಹಾ ಅವಳ ಕೈಗಿಟ್ಟಳು. "ನೀನು ಕೆಟ್ಟವಳಲ್ಲ ಕಣೇ. ಬಳಲಿ ಬತ್ತಿ ಹೋಗಿದ್ದೀಯ. ಈ ಬಳಲಿಕೆ ಒಂದು ರಾತ್ರಿ ನಿದ್ದೆಗೆ ಹೋಗೋದಲ್ಲ. ನೀರಿನ ಹತ್ರ ನಿಂತಾಗ ಇಷ್ಟು ದುಃಖ ನುಗ್ಗಿ ಬಂದ್ರೆ ಒಬ್ಳೇ ನಿಲ್ಬಾರ್ದು. ಮನಸ್ಸಿನ ಮಾತು ಕೇಳೋಕೆ ಅಂತಲೇ ಕಲಿತೋರಿದ್ದಾರೆ. ನಾಳೆ ನಾನೇ ಕರ್ಕೊಂಡು ಹೋಗ್ತೀನಿ."

ಹೋದರು. ಲಾವೆನಿಯಾ ಅಲ್ಲಿ ಅರ್ಧ ಹೇಳಿದಳು, ಅರ್ಧ ನುಂಗಿದಳು. ವಾರ್ಡಿನಲ್ಲಿ ಏನೂ ಬದಲಾಗಲಿಲ್ಲ. ಇನ್ನೊಬ್ಬಳು ನರ್ಸ್ ರಾಜೀನಾಮೆ ಕೊಟ್ಟಳು.

ಒಂದು ಬೆಳಿಗ್ಗೆ ಲಾವೆನಿಯಾ ಹೃದ್ರೋಗದ ಮುದುಕಿಯೊಬ್ಬಳಿಗೆ ಸಿರಿಂಜಿನಲ್ಲಿ ಔಷಧಿ ತುಂಬಿ, ತಟ್ಟೆಯಲ್ಲಿಟ್ಟು, ಕೈ ತೊಳೆಯಲು ನಿಂತಳು. ನೀರು ಕೈಮೇಲೆ ಬೀಳುತ್ತಿತ್ತು. ತಣ್ಣಗೋ ಬೆಚ್ಚಗೋ ತಿಳಿಯಲಿಲ್ಲ. ಹೇಗಿದ್ದೀಯೇ ಎಂದು ಕೇಳಿಕೊಂಡಳು. ಉತ್ತರವೇ ಬರಲಿಲ್ಲ, ಒಳಗೆ ಯಾರೂ ಇದ್ದಂತಿರಲಿಲ್ಲ. ಅವಳಿಗೆ ಹೆದರಿಕೆಯಾಯಿತು. ಪಕ್ಕದ ಹಾಸಿಗೆಯ ನರ್ಸನ್ನು ಕರೆದು ಸಿರಿಂಜು ತೋರಿಸಿದಳು.

"ಇದನ್ನೊಮ್ಮೆ ನೋಡೇ. ನನ್ನ ತಲೆ ಇವತ್ತು ನನ್ನ ಹತ್ರ ಇಲ್ಲ."

ಆ ನರ್ಸ್ ಚೀಟಿ ಓದಿದಳು, ಸಿರಿಂಜು ಎತ್ತಿ ನೋಡಿದಳು, ಔಷಧಿಯನ್ನು ಚೆಲ್ಲಿದಳು. ಬರೆದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಔಷಧಿ ತುಂಬಿತ್ತು.

ಆ ಮುದುಕಿ ಅದೇ ವಾರ ತೀರಿಕೊಂಡಳು. ಕಾಯಿಲೆಯಿಂದ ತೀರಿಕೊಂಡಳು, ಲಾವೆನಿಯಾಳ ಕೈಯಿಂದಲ್ಲ. ಆ ವಾರ ಅವಳಿಗೆ ಸಿಕ್ಕ ಸಮಾಧಾನ ಅಷ್ಟೇ.

ಇದನ್ನು ಓದುತ್ತಿರುವ ನರ್ಸ್ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮಗೂ ಹೀಗೆ ಆಗುತ್ತಿರಬಹುದು. ಅಳುವವರ ನಡುವೆ ನಿಂತಾಗ ಏನೂ ಅನ್ನಿಸುತ್ತಿಲ್ಲವೇ? ಆಸ್ಪತ್ರೆಯ ಯಂತ್ರದ ಸದ್ದು ಮನೆಯಲ್ಲೂ ಕೇಳುತ್ತಿದೆಯೇ? ಕೈ ತೊಳೆಯುವಷ್ಟು ಹೊತ್ತು ನಿಮ್ಮ ಜೊತೆ ನೀವು ನಿಲ್ಲಿ. ಹಾಗೆ ನಿಂತರೆ ಕಡಿಮೆ ಇರುವ ಜನ ಹೆಚ್ಚಾಗುವುದಿಲ್ಲ, ಸತ್ತವರು ಏಳುವುದಿಲ್ಲ. ನಿಮ್ಮ ಶಕ್ತಿ ಎಲ್ಲಿಗೆ ಮುಗಿದಿದೆ ಎಂಬುದು ಮಾತ್ರ ನಿಮಗೆ ಕಾಣುತ್ತದೆ. ಕಂಡದ್ದನ್ನು ಬಚ್ಚಿಡಬೇಡಿ. ಜೊತೆಯವರಿಗೆ ಹೇಳಿ, ವೈದ್ಯರಿಗೆ ಹೇಳಿ. ವಾರ್ಡು ನಡೆಸುವವರೇ, ಅವರು ಹೇಳಿದಾಗ ಕಿವಿಗೊಡಿ. ಉಸಿರಾಟ ಕಲಿಸಿದೆವೆಂದು ಪಾಳಿ ಹೆಚ್ಚಿಸಬೇಡಿ.

ಹೇಳುವುದು ಲಾವೆನಿಯಾಳಿಗೂ ಸುಲಭವಾಗಲಿಲ್ಲ. ಮುದುಕಿಯ ಹಾಸಿಗೆ ಖಾಲಿಯಾದ ದಿನ ಮಧ್ಯಾಹ್ನ, ಪಾಳಿ ಮುಗಿಸಿ ಚೀಲ ಎತ್ತಿಕೊಂಡವಳಿಗೆ ಉನಾಯ್ಸಿ ಅತ್ತೆ ಬಾಗಿಲಲ್ಲಿ ಎದುರಾದಳು. ಅತ್ತೆಯ ಕಾಲುಗಳು ಬಾತಿದ್ದವು.

"ಮಗಳೇ, ಮುಂದಿನ ಪಾಳಿಗೆ ಯಾರೂ ಇಲ್ಲ. ಕೆರೆಕೆರೆ."

"ನನ್ನ ಕೈಲಾಗಲ್ಲ ಅತ್ತೆ. ಆ ಸಿರಿಂಜಿನ ವಿಷಯ ನಿಮಗೆ ಹೇಳಿದ್ದೀನಲ್ಲ."

"ಕೈಲಾಗೋದು ಯಾರಿಗೇ? ನನಗಾಗುತ್ತಾ? ನಿಮ್ಮಪ್ಪ ಬದುಕಿದ್ದಿದ್ರೆ, ಅವನ ಅಕ್ಕ ನಾನು ಎರಡು ಸಲ ಕೇಳೋ ಹಾಗೆ ಮಾಡ್ತಿರ್ಲಿಲ್ಲ."

ಲಾವೆನಿಯಾಳ ಮುಖ ಸುಟ್ಟಂತಾಯಿತು. ಅತ್ತೆಯ ಬಾತ ಕಾಲನ್ನು ನೋಡಿದಳು. ಕಣ್ಣು ತುಂಬಿ ಬಂತು. ಎಷ್ಟೋ ತಿಂಗಳ ಮೇಲೆ ಬಂದ ನೀರು ಅದು.

"ಒಳಗೆ ಮಲಗಿರೋರಿಗೆ ನಾನು ಏನು ಹೇಳ್ಲಿ?" ಅತ್ತೆಯ ದನಿ ಒಡೆಯಿತು. "ಇದೊಂದು ಸಲ ಕಣೇ. ಕೆರೆಕೆರೆ."

"ಏನು ಹೇಳ್ಬೇಕೋ ನನಗೂ ಗೊತ್ತಿಲ್ಲ ಅತ್ತೆ. ಆದ್ರೆ ಇಲ್ಲ. ನಾನು ಮಾಡಲ್ಲ."