ಶುಕ್ರವಾರದ ಹೆಣ

ಕತ್ತರಿ ಅಂಗಿಯ ಬೆನ್ನನ್ನು ಕೊರಳಿನಿಂದ ಅಂಚಿನವರೆಗೆ ಸೀಳಿಕೊಂಡು ಹೋಯಿತು. ಅಕ್ಕನ ತೋಳುಗಳು ಆಗಲೇ ಸೆಟೆದುಕೊಂಡಿದ್ದವು. ಹಿಂದಿನಿಂದ ಸೀಳದೆ ತೊಡಿಸುವ ಬೇರೆ ದಾರಿ ಇರಲಿಲ್ಲ. ತಂಗಿ ಆ ಕತ್ತರಿಯನ್ನು ಹಿಡಿದದ್ದು ಇದೇ ಮೊದಲು. "ನಿನ್ನ ಕೈ ಬಿದ್ದರೆ ಹರಿತ ಸಾಯುತ್ತೆ ಕಣೇ" ಎಂದು ಅಕ್ಕ ಅದನ್ನು ಒಂದು ದಿನವೂ ಮುಟ್ಟಗೊಟ್ಟಿರಲಿಲ್ಲ. ಹರಿತ ಸಾಯಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಯಿತು.

"ಭೇಷ್, ಗೆರೆ ಎಳೆದ ಹಾಗಿದೆ" ಎಂದರು ಲೈಬ್ರರಿ ಮೇಡಂ. ಅವರು ಹೆಣದ ಇನ್ನೊಂದು ಮಗ್ಗುಲಲ್ಲಿ ಕೂತು ತೋಳು ಎತ್ತಿ ಹಿಡಿದಿದ್ದರು. "ಇಷ್ಟು ಚೆನ್ನಾಗಿ ಕತ್ತರಿಸೋಕೆ ಬರುತ್ತೆ ಅಂತ ಗೊತ್ತಾಗಿದ್ದಿದ್ರೆ ಅಕ್ಕ ನಿನ್ನ ಮೇಲೆ ಅನುಮಾನ ಪಡ್ತಿದ್ದಳು."

ಪರದೆಯ ಆಚೆ ಗಂಡಸರು ನಕ್ಕರು. ಸಾವಿನ ಮನೆ ಎಂಬುದು ನೆನಪಾಗಿ ಒಬ್ಬರು ನಗೆಯನ್ನು ಕೆಮ್ಮು ಮಾಡಿಕೊಂಡರು.

ಅಕ್ಕ ದರ್ಜಿಯಾಗಿದ್ದಳು. ಬೀದಿಯ ಅರ್ಧ ಹೆಂಗಸರ ಅಳತೆ ಅವಳ ತಲೆಯಲ್ಲಿತ್ತು, ಉಳಿದರ್ಧದವರ ಗುಟ್ಟು ನಾಲಿಗೆಯ ತುದಿಯಲ್ಲಿತ್ತು. ಪತ್ರಿಕೆಯಲ್ಲಿ ಅವಳು ಓದುತ್ತಿದ್ದದ್ದು ಕೊಲೆ, ದರೋಡೆ, ನಾಪತ್ತೆಯ ಪುಟ ಒಂದೇ. ಮೆಟ್ಟಿಲ ಮೇಲಿನ ಚಪ್ಪಲಿ ಮಾಯವಾದಾಗ ಎದುರುಮನೆಯ ನಾಯಿಯನ್ನು ಹಿಡಿದುಕೊಟ್ಟವಳು ಅವಳು. ಪಕ್ಕದ ಮನೆಯ ಯಜಮಾನ ಸಿಗರೇಟು ಬಿಟ್ಟಿಲ್ಲವೆಂದು ಜೇಬಿನ ಒಳಹೊಲಿಗೆ ನೋಡಿಯೇ ಹೇಳಿ, ಆ ಮನೆಯಲ್ಲಿ ವಾರವಿಡೀ ಒಲೆ ಹೊತ್ತದಂತೆ ಮಾಡಿದವಳೂ ಅವಳೇ. ಪ್ರತಿ ಶುಕ್ರವಾರ ಸಂಜೆ ಲೈಬ್ರರಿ ಮೇಡಂ, ಫೋಟೋ ಸ್ಟುಡಿಯೋದವನು, ಔಷಧಿ ಅಂಗಡಿಯಲ್ಲಿ ಜೀವ ಸವೆಸಿದ ಮುದಿ ಕಾಂಪೌಂಡರು ಮೂವರೂ ಅವಳ ಕೋಣೆಯಲ್ಲಿ ಸೇರುತ್ತಿದ್ದರು. ಪೇಪರಿನಲ್ಲಿ ಬಂದ ಒಂದು ಕೊಲೆಯನ್ನು ನೆಲದ ಮೇಲೆ ಹರಡಿಕೊಂಡು, ಪೊಲೀಸರು ಎಲ್ಲಿ ಎಡವಿದರು ಎಂದು ಪತ್ತೆ ಮಾಡುತ್ತಿದ್ದರು. ಕೊಲೆಯೆಂದ ಮೇಲೆ ಹೆಣ ಬೇಕಲ್ಲ. ಅದು ತಂಗಿ. ನೆಲದ ಮೇಲೆ ಮಲಗುವುದು, ಆಮೇಲೆ ಎದ್ದು ಚಹಾ ಮಾಡುವುದು. ಅವಳ ಹೆಸರೇ ಹಾಗಾಗಿಹೋಗಿತ್ತು. "ಏ ಹೆಣ, ನನಗೆ ಸಕ್ಕರೆ ಕಡಿಮೆ."

ಬಟ್ಟೆ ತೊಡಿಸಿ, ಪರದೆ ಸರಿಸಿ, ಅಕ್ಕನನ್ನು ನಡುಮನೆಯ ನೆಲದ ಮೇಲೆ ಮಲಗಿಸಿದರು. ಸ್ಟುಡಿಯೋದವನು ಸ್ವಲ್ಪ ಹೊತ್ತು ನೋಡಿದ. ಮೆಷಿನ್ನಿನ ಡ್ರಾಯರಿನಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದು, ಮಂಡಿಯೂರಿ, ಕೊಲೆಯಾದ ಜಾಗದಲ್ಲಿ ಪೊಲೀಸರು ಎಳೆಯುವ ಹಾಗೆ ಅಕ್ಕನ ಸುತ್ತ ಗೆರೆ ಎಳೆಯತೊಡಗಿದ.

"ಏನ್ರೀ ಇದು?" ಎಂದರು ಮೇಡಂ.

"ಇರಲಿ ಮೇಡಂ. ಹೂವಿಗಿಂತ ಇದೇ ಅವಳಿಗೆ ಇಷ್ಟವಾಗ್ತಿತ್ತು."

ಮೇಡಂ ನಕ್ಕರು, ನಗುತ್ತಾ ಅತ್ತರು. ಸ್ಟುಡಿಯೋದವನು ಗೆರೆ ಮುಗಿಸಿ ಕೈ ಕೊಡವಿದ. "ನೋಡಿ, ಗುಂಪು ನಿಲ್ಲಬಾರದು. ಬರೋ ಶುಕ್ರವಾರ ಎಂದಿನ ಹಾಗೇ ಸೇರೋಣ. ಅಕ್ಕನ ನೆನಪಲ್ಲಿ. ಏನ್ ಹೆಣಮ್ಮ?"

"ನಾನು ಇನ್ನು ಮಲಗಲ್ಲ" ಎಂದಳು ತಂಗಿ.

ಸ್ಟುಡಿಯೋದವನು ಬಾಯಿ ಮೇಲೆ ಕೈಯಿಟ್ಟುಕೊಂಡ. "ಅಯ್ಯಯ್ಯೋ, ಹೆಣ ಮಾತಾಡಿತು!"

ಆದರೆ ತಂಗಿ ನಿಜವಾಗಿಯೇ ಹೇಳಿದ್ದಳು. ಬೆಳಗಿನಿಂದ ಅವಳ ತಲೆಯಲ್ಲಿ ಅದೊಂದೇ ಇತ್ತು. ಶುಕ್ರವಾರ ಬಾಗಿಲಿಗೆ ಚಿಲಕ. ಮೆಷಿನ್ನು ಗೋಡೆಯ ಮೂಲೆಯಿಂದ ಕಿಟಕಿಯ ಬಳಿಗೆ. ಕತ್ತರಿ ತನ್ನ ಕೈಗೆ.

*

ಮೊದಲ ಸಲ ಹೆಣವಾಗಿ ಮಲಗಿದಾಗ ತಂಗಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಅಕ್ಕನಿಗೆ ದಿನಸಿ ಕಟ್ಟಿಕೊಟ್ಟ ಕಾಗದದಲ್ಲಿ ಒಂದು ಕೊಲೆ ಸಿಕ್ಕಿತ್ತು. ಅರ್ಧ ಹರಿದ ಸುದ್ದಿ, ಕೊಂದವನು ಯಾರೆಂಬುದು ಹರಿದ ತುಂಡಿನಲ್ಲಿ ಹೋಗಿತ್ತು. ಅಕ್ಕನಿಗೆ ಆ ರಾತ್ರಿ ಊಟ ಸೇರಲಿಲ್ಲ. ಮರುದಿನ ತಂಗಿಯನ್ನು ಹಜಾರದಲ್ಲಿ ಮಲಗಿಸಿ, ಅಪ್ಪನ ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದಳು. ಅಪ್ಪನೂ ದರ್ಜಿ.

"ಬಲಗೈ ಹೀಗೆ, ಅಂಗೈ ಮೇಲೆ. ಉಸಿರು ಮೆಲ್ಲಗೆ."

"ಅಕ್ಕಾ, ಮೂಗು ತುರಿಸ್ತಿದೆ."

"ಹೆಣಕ್ಕೆ ಮೂಗು ತುರಿಸಲ್ಲ. ನಾನು ಏಳು ಅನ್ನೋವರೆಗೂ ಏಳಬಾರದು."

ಅಕ್ಕ ಗಲ್ಲಕ್ಕೆ ಬೆರಳಿಟ್ಟು ಸುತ್ತ ನಡೆದಳು, ಬಗ್ಗಿ ಉಗುರು ನೋಡಿದಳು, ಬೀದಿಯಲ್ಲಿ ಯಾರೋ ಕರೆದರೆಂದು ಆಡಲು ಹೋದಳು. ಏಳು ಎನ್ನುವುದನ್ನು ಮರೆತಳು. ಅಪ್ಪ ಅಂಗಡಿಯಿಂದ ಬಂದು ಎಡವಿದಾಗ ತಂಗಿ ಚಡ್ಡಿ ಒದ್ದೆ ಮಾಡಿಕೊಂಡು, ಕಣ್ಣು ಮುಚ್ಚಿ, ಹಾಗೇ ಮಲಗಿದ್ದಳು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಬಂದವರಿಗೆಲ್ಲ ಹೇಳಿ ನಗಿಸಿದ. "ನನ್ನ ದೊಡ್ಡ ಮಗಳು ಪತ್ತೇದಾರಿ. ಚಿಕ್ಕದು ಹೆಣ."

*

ಮಸಣಕ್ಕೆ ಒಯ್ಯುವ ಗಾಡಿ ಬರುವುದು ತಡವಾಯಿತು. ಹಳೆಯ ಕೇಸುಗಳು ಒಂದೊಂದಾಗಿ ಹೊರಗೆ ಬಂದವು.

"ಕಾಲರ್ ಕೇಸು ನೆನಪಿದೆಯಾ?" ಎಂದ ಸ್ಟುಡಿಯೋದವನು.

"ಬೇಡ ಬಿಡಿ, ತಂಗಿ ಇಲ್ಲೇ ಇದ್ದಾಳೆ" ಎಂದರು ಮೇಡಂ. ಹಾಗೆನ್ನುತ್ತಲೇ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಇರಲಿ, ಹೆಣಮ್ಮನಿಗೆ ಬೇಜಾರಿಲ್ಲ. ಅದೇ, ಇವಳನ್ನ ನೋಡೋಕೆ ಅಂತ ಒಬ್ಬ ಗಡಿಯಾರ ರಿಪೇರಿಯವನು ಬಂದಿದ್ದನಲ್ಲ. ಒಳ್ಳೆ ಮನುಷ್ಯ, ಕುಡಿತ ಇಲ್ಲ, ಕೂದಲೂ ಇತ್ತು! ಅಕ್ಕ ಅವನ ಕಾಲರ್ ನೋಡಿದಳು. ಕಿತ್ತು, ತಿರುವಿ, ಮತ್ತೆ ಹೊಲಿದಿದೆ. 'ಇದು ಹೆಂಗಸಿನ ಕೈಹೊಲಿಗೆ. ಇವನ ಮನೇಲಿ ಆಗಲೇ ಒಬ್ಬಳಿದ್ದಾಳೆ' ಅಂದಳು. ಕಳಿಸೇಬಿಟ್ಟಳು."

"ಆಮೇಲೆ ಗೊತ್ತಾಯ್ತು" ಎಂದರು ಮೇಡಂ, "ಅವನೇ ಹೊಲ್ಕೊಂಡಿದ್ದನಂತೆ."

"ಗಡಿಯಾರ ಬಿಚ್ಚೋ ಕೈ ನೋಡಿ, ಸಣ್ಣ ಕೆಲಸ ಚೆನ್ನಾಗಿ ಬರ್ತಿತ್ತು!"

ಎಲ್ಲರೂ ನಕ್ಕರು. ಅಕ್ಕನೂ ಆಗ ಹೀಗೆಯೇ ನಕ್ಕಿದ್ದಳು. 'ಒಂದು ಕೇಸು ತಪ್ಪಿತು, ಅಷ್ಟೇ ತಾನೆ? ಪೊಲೀಸರಿಗೆ ತಪ್ಪಲ್ವಾ?' ತಂಗಿ ಖಾಲಿ ಲೋಟಗಳನ್ನು ಎತ್ತಿಕೊಂಡಳು.

ಆಗ ಬಾಗಿಲಲ್ಲಿ ಒಬ್ಬ ಹೆಂಗಸು ಕಾಣಿಸಿಕೊಂಡಳು. ಅಕ್ಕನ ಗಿರಾಕಿ, ಮಗಳ ಮದುವೆ ಇಟ್ಟುಕೊಂಡಿದ್ದವಳು. ಹೆಣಕ್ಕೆ ಕೈಮುಗಿದಳು, ಕಣ್ಣೊರೆಸಿಕೊಂಡಳು, ಆಮೇಲೆ ತಂಗಿಯ ಹತ್ತಿರ ಸರಿದಳು.

"ಇಂಥ ಹೊತ್ತಲ್ಲಿ ಕೇಳಬಾರದು ಕಣಮ್ಮ. ಆದರೆ ನಮ್ಮ ಹುಡುಗಿ ರೇಷ್ಮೆ, ಆ ಹಸಿರದ್ದು... ಬೇರೆ ಕಡೆ ಕೊಡಬೇಕಲ್ಲ, ದಿನ ಹತ್ತಿರ ಬಂತು."

"ಆಮೇಲೆ ಹುಡುಕಿ ಕೊಡ್ತೀನಿ."

"ಹುಡುಕೋದೇನು, ಇಲ್ಲೇ ಇರುತ್ತೆ" ಎಂದು ಮೇಡಂ ಎದ್ದರು. ಪುಸ್ತಕ ಹುಡುಕಿ ಪಳಗಿದ ಕೈ. ಕಪಾಟು ನೋಡಿದರು, ಮೇಜಿನ ಕೆಳಗೆ ನೋಡಿದರು, ಚಿಂದಿಚೀಲದೊಳಗೆ ಕೈಹಾಕಿ ಹಸಿರು ಮುದ್ದೆಯೊಂದನ್ನು ಎಳೆದರು. ರೇಷ್ಮೆ ಮುದುಡಿ ಮುದುಡಿ ಸಾವಿರ ಸುಕ್ಕಾಗಿತ್ತು. ನಡುವೆ ಅಂಗೈಯಗಲದ ಕಲೆ, ಅಂಚು ಬೆಳ್ಳಗೆ ಒಣಗಿತ್ತು.

"ಅಯ್ಯೋ ನನ್ನ ಬಟ್ಟೆ!" ಎಂದಳು ಮದುಮಗಳ ತಾಯಿ. ಹೆಣ ನೋಡಿದಾಗಿನದಕ್ಕಿಂತ ಈಗ ದೊಡ್ಡದಾಗಿ ಅತ್ತಳು.

ಅಲ್ಲಿಯವರೆಗೆ ಕಿಟಕಿಯ ಬಳಿ ಸುಮ್ಮನೆ ಕೂತಿದ್ದ ಕಾಂಪೌಂಡರು ಎದ್ದು ಬಂದರು. ಬಟ್ಟೆಯನ್ನು ಬೆಳಕಿಗೆ ಹಿಡಿದರು. ಕಲೆಯನ್ನು ಹೆಬ್ಬೆರಳಿನಿಂದ ಸವರಿ ಮೂಸಿದರು.

"ಜೊಲ್ಲು" ಎಂದರು. "ಅಕ್ಕ ಬಿದ್ದಾಗ ಇದು ಕೆನ್ನೆ ಕೆಳಗಿತ್ತಾ?"

"ಬೀಳುವಾಗ ಮೇಜಿನಿಂದ ಎಳ್ಕೊಂಡಿರಬೇಕು" ಎಂದಳು ತಂಗಿ.

ಕಾಂಪೌಂಡರು ತಲೆಯಾಡಿಸಿದರು. ಬಟ್ಟೆಯನ್ನು ಮಡಚಿ ಗಿರಾಕಿಯ ಕೈಗಿಟ್ಟರು. "ತಣ್ಣೀರಲ್ಲಿ ನೆನೆಸಿಡಮ್ಮ, ಹೋಗುತ್ತೆ." ಆಮೇಲೆ ಬಾಯಾರಿತೆಂದು ಹೇಳಿ, ನೀರು ಕುಡಿಯಲು ತಾವೇ ಅಡುಗೆಮನೆಗೆ ಹೋದರು. ಅವರು ಬಹಳ ಹೊತ್ತು ಬರಲಿಲ್ಲ. ತಂಗಿ ಲೋಟಗಳನ್ನು ಹಿಡಿದು ಅಡುಗೆಮನೆಯ ಬಾಗಿಲನ್ನೇ ನೋಡುತ್ತಾ ನಿಂತಳು.

*

ಅಕ್ಕ ಕೆಲವೊಮ್ಮೆ, ಯಾವ ಮುನ್ಸೂಚನೆಯೂ ಇಲ್ಲದೆ, ತಾನೇ ಹೆಣವಾಗುತ್ತಿದ್ದಳು. ಅದು ತಂಗಿಗೆ ಪರೀಕ್ಷೆ. ನಿಯಮ ಇಷ್ಟೇ: ಹೊಸ್ತಿಲಲ್ಲಿ ನಿಲ್ಲು. ಒಳಗೆ ಬರಬೇಡ, ಮುಟ್ಟಬೇಡ. ಕಂಡದ್ದನ್ನು ಹೇಳು. ಮೊದಲ ಸಲ ಕೆಂಪು ಇಂಕು ನೋಡಿದ ತಂಗಿ ಕಿರುಚಿ ಒಳಗೆ ಓಡಿ, ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಳಾಡಿದ್ದಳು. ಅಕ್ಕ ಒಂದು ಕಣ್ಣು ತೆರೆದು, "ಎಲ್ಲ ಸಾಕ್ಷಿ ತುಳಿದು ಹಾಳು ಮಾಡಿದೆಯಲ್ಲೇ ಕತ್ತೆ" ಎಂದಿದ್ದಳು. ಆ ಗೋಳಾಟವನ್ನು ಅನುಕರಿಸಿ ತೋರಿಸಿ ಎಷ್ಟೋ ಶುಕ್ರವಾರ ನಗಿಸಿದ್ದಳು. ತಂಗಿ ಮತ್ತೆಂದೂ ಹೊಸ್ತಿಲು ದಾಟಲಿಲ್ಲ.

ನಿನ್ನೆ ಬೆಳಿಗ್ಗೆ ಚಹಾಕ್ಕೆ ನೀರಿಟ್ಟು, ಸಕ್ಕರೆ ಹಾಕಲೇ ಎಂದು ಕೇಳಲು ಅವಳು ಕೋಣೆಯ ಬಾಗಿಲಿಗೆ ಬಂದಳು. ಅಕ್ಕ ನೆಲದ ಮೇಲಿದ್ದಳು.

ತಂಗಿ ಹೊಸ್ತಿಲಲ್ಲಿ ನಿಂತಳು. ಸೆರಗಿಗೆ ಕೈಯೊರೆಸಿಕೊಂಡಳು. ಪಾಠ ಒಪ್ಪಿಸುವ ದನಿಯಲ್ಲಿ ಶುರುಮಾಡಿದಳು.

"ಎಡಗಾಲಿನ ಚಪ್ಪಲಿ ಕಳಚಿದೆ. ಅಳತೆಯ ಟೇಪು ಕೊರಳಲ್ಲಿದೆ. ಹಾಗಾಗಿ ಕೆಲಸದ ನಡುವೆ ಆದದ್ದು. ಕುರ್ಚಿ ಬಿದ್ದಿಲ್ಲ. ಹೊಡೆದಾಟ ಇಲ್ಲ."

ಅಷ್ಟರಲ್ಲಿ ಅವಳಿಗೆ ಹಸಿರು ಕಂಡಿತು. ಗಿರಾಕಿಯ ರೇಷ್ಮೆ ಅಕ್ಕನ ಕೆನ್ನೆಯ ಕೆಳಗೆ ಮುದ್ದೆಯಾಗಿತ್ತು. ಬಾಯಂಚಿನಿಂದ ಜೊಲ್ಲು ಅದರ ಮೇಲೆ ಇಳಿಯುತ್ತಿತ್ತು. ಅಕ್ಕ ಪ್ರಾಣ ಬಿಟ್ಟಾಳು, ಗಿರಾಕಿಯ ಬಟ್ಟೆಗೆ ಒಂದು ಸುಕ್ಕು ಬೀಳಿಸುವವಳಲ್ಲ. ಇಡೀ ಬದುಕಿನಲ್ಲಿ ತಂಗಿ ಬೇರೆ ಯಾರ ನೆರವೂ ಇಲ್ಲದೆ ಕಂಡುಹಿಡಿದ ಮೊದಲ ಸುಳಿವು ಅದು. ಅದರ ಅರ್ಥ ಬಿಸಿನೀರಿನ ಹಾಗೆ ಅವಳ ಮೈಯೊಳಗೆ ಇಳಿಯಿತು.

ಅಕ್ಕನ ಒಂದು ಕಣ್ಣು ತೆರೆದಿತ್ತು. ಅದು ಇವಳನ್ನೇ ನೋಡುತ್ತಿತ್ತು. ಬಲಗೈಯ ತೋರುಬೆರಳು ನೆಲವನ್ನು ಕೆರೆಯಿತು, ನಿಂತಿತು, ಮತ್ತೆ ಕೆರೆಯಿತು.

ಅಡುಗೆಮನೆಯಲ್ಲಿ ನೀರು ಕುದಿಯುವ ಸದ್ದು ಕೇಳುತ್ತಿತ್ತು.

"ಅಕ್ಕಾ" ಎಂದಳು ತಂಗಿ, ಹೊಸ್ತಿಲಿನಿಂದ ಕಾಲು ಕೀಳದೆ. "ಹೆಣ ಬೆರಳಾಡಿಸಬಾರದು."

*

ಗಾಡಿ ಬಂತು. ಡ್ರೈವರು ಹಿಂದಿನ ಬಾಗಿಲು ತೆರೆದು, ಅಕ್ಕನನ್ನು ಒಳಗೆ ಮಲಗಿಸಿಕೊಂಡು, "ಜೊತೆಗೆ ಮೂರೇ ಜನಕ್ಕೆ ಜಾಗ" ಎಂದ. ಮೇಡಂ ಆಗಲೇ ಹತ್ತಿ ಕೂತಿದ್ದರು. ಸ್ಟುಡಿಯೋದವನು ಕ್ಯಾಮೆರಾ ಹಿಡಿದು ಪಕ್ಕದಲ್ಲಿ ಕೂತ.

"ನೀನು ಮನೇಲಿರಮ್ಮ" ಎಂದರು ಮೇಡಂ ಒಳಗಿನಿಂದ. "ಮನೆ ಖಾಲಿ ಬಿಡಬಾರದು. ಕಳ್ಳರು ಸಾವಿನ ಮನೆ ನೋಡ್ಕೊಂಡೇ ಬರ್ತಾರೆ ಅಂತ ಅಕ್ಕ ಯಾವಾಗಲೂ ಹೇಳ್ತಿದ್ದಳು."

ಮೂರನೆಯ ಜಾಗ ಕಾಂಪೌಂಡರದು. ಅವರು ಚಪ್ಪಲಿ ಮೆಟ್ಟಿಕೊಳ್ಳುವ ನೆವದಲ್ಲಿ ಬಾಗಿಲಲ್ಲೇ ಉಳಿದರು.

"'ಚಹಾಕ್ಕೆ ನೀರಿಟ್ಟು ಅಕ್ಕನ್ನ ಕೇಳೋಕೆ ಹೋದೆ. ನೋಡಿದ ತಕ್ಷಣ ಕೂಗಿಕೊಂಡೆ.' ಹಾಗಲ್ವಾ ನೀನು ಡಾಕ್ಟರಿಗೆ ಹೇಳಿದ್ದು?"

"ಹೂಂ."

"ಪಾತ್ರೆ ತಳ ಸೀದು ಕರಕಲಾಗಿದೆಯಲ್ಲ ಮಗಳೇ. ಬೂದಿ ಹಾಕಿ ತಿಕ್ಕಿದ್ದೀಯ, ಹೋಗಿಲ್ಲ."

ತಂಗಿ ಸೆರಗಿಗೆ ಕೈಯೊರೆಸಿಕೊಂಡಳು.

"ಅಷ್ಟೂ ನೀರು ಇಂಗಿ, ಪಾತ್ರೆ ಸೀದು, ಆಮೇಲೆ ಕೂಗಿದೀಯ. ಆಟ ಅಂದ್ಕೊಂಡೆ ಅಂತ ಹೇಳಬಹುದು. ನಾವೂ ನಂಬ್ತಿದ್ವಿ, ಅಕ್ಕನ ಆಟ ನಮಗೆ ಗೊತ್ತಿಲ್ವಾ? ಆದರೆ ಗಿರಾಕಿ ರೇಷ್ಮೆ ಮೇಲೆ ಅವಳು ಆಟಕ್ಕೆ ಮಲಗ್ತಾಳಾ? ನನಗೇ ಹೊಳೀತು. ನಿನಗೆ ಹೊಳೆದಿರಲ್ವಾ?" ಅವರು ಅವಳ ಮುಖವನ್ನು ಓರೆಯಾಗಿ ನೋಡಿದರು. "ಹೊಳೆದಿದೆ. ಅದಕ್ಕೇ ಚಿಂದಿಚೀಲಕ್ಕೆ ತುರುಕಿದ್ದೀಯ."

ಮುದುಕರ ಕಣ್ಣು ಹಬ್ಬದ ಊಟ ಕಂಡವರ ಹಾಗೆ ಹೊಳೆಯುತ್ತಿತ್ತು. ದನಿಯಲ್ಲಿ ಕೋಪದ ಎಳೆಯೂ ಇರಲಿಲ್ಲ.

"ಇಷ್ಟು ವರ್ಷ ಪೇಪರಿನ ಎಂಜಲು ತಿಂದ್ವಿ. ನಮ್ಮ ಗುಂಪಿಗೆ ಸಿಕ್ಕ ಸ್ವಂತ ಕೇಸು ಇದೊಂದೇ. ಛೆ, ಇವತ್ತು ಅಕ್ಕ ಇರಬೇಕಿತ್ತು!"

ಗಾಡಿಯ ಹಾರನ್ನು ಕೂಗಿತು.

"ಹೆದರಬೇಡ. ಯಾರಿಗೂ ಹೇಳಲ್ಲ" ಎಂದು ಅವರು ಅವಳ ತಲೆ ಸವರಿದರು. "ಮಲಗಲ್ಲ ಅಂದೆಯಲ್ಲ ಆಗ. ದುಃಖದಲ್ಲಿ ಅಂದಿದ್ದು, ಅಲ್ವಾ?"

ತಂಗಿ ನೆಲ ನೋಡಿದಳು. "ಹೂಂ" ಎಂದಳು.

"ಜಾಣೆ. ಶುಕ್ರವಾರ ಬರ್ತೀವಿ. ನನಗೆ ಸಕ್ಕರೆ ಕಡಿಮೆ, ಗೊತ್ತಲ್ಲ."

ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಯಿತು. ಎದುರುಮನೆಯ ನಾಯಿ ಸ್ವಲ್ಪ ದೂರ ಅದರ ಹಿಂದೆ ಓಡಿ, ಬೇಸರವಾಗಿ ವಾಪಸು ಬಂತು.

ತಂಗಿ ಬಾಗಿಲು ಹಾಕಿಕೊಂಡಳು. ಒದ್ದೆ ಬಟ್ಟೆ ಹಿಂಡಿಕೊಂಡು ಬಂದು, ನಡುಮನೆಯ ಗೆರೆಯ ಮುಂದೆ ಮಂಡಿಯೂರಿದಳು. ತಲೆಯ ಕಡೆಯಿಂದ ಒರೆಸಬೇಕೆಂದು ಕೈ ಚಾಚಿದಳು. ಕೈ ಅಲ್ಲೇ ನಿಂತಿತು. ಸ್ಟುಡಿಯೋದವನು ಒಳ್ಳೆಯ ಗೆರೆ ಎಳೆದಿದ್ದ, ಎಲ್ಲೂ ತುಂಡಾಗಿರಲಿಲ್ಲ. ಅಕ್ಕ ಎತ್ತರದವಳು. ಇವಳು ಒಳಗೆ ಮಲಗಿದರೆ ಸುತ್ತ ಜಾಗ ಉಳಿಯುತ್ತದೆ.

ಒದ್ದೆ ಬಟ್ಟೆಯನ್ನು ಬದಿಗಿಟ್ಟಳು. ಗೆರೆ ಅಳಿಯದಂತೆ ಕಾಲೆತ್ತಿ ಒಳಗಿಟ್ಟಳು, ಕೂತಳು, ಮೆಲ್ಲಗೆ ಬೆನ್ನು ಚೆಲ್ಲಿದಳು. ನೆಲ ಇನ್ನೂ ತಣ್ಣಗಿತ್ತು. ಬಲಗೈಯನ್ನು ಹೊರಳಿಸಿ ಅಂಗೈ ಮೇಲೆ ಮಾಡಿದಳು. ಕಣ್ಣು ಮುಚ್ಚಿದಳು.

ಸ್ವಲ್ಪ ಹೊತ್ತಿಗೆ ಮೂಗಿನ ತುದಿಯಲ್ಲಿ ತುರಿಕೆ ಶುರುವಾಯಿತು. ಅವಳು ಕೈಯೆತ್ತಲಿಲ್ಲ.